ಒತ್ತಕ್ಷರ

ವೆಲ್ಹೆಯ ಇಳಿಜಾರಿನಲ್ಲಿ, ತೋರಣಾ ಕೋಟೆಯ ಎದುರು,
ನನ್ನ ನಕ್ಷೆಯ ಮನೆ ಏಳುತ್ತಿದೆ:
ಕರಿಕಲ್ಲು, ಬಿದಿರು, ಬೆಲ್ಲ ಕಲಸಿದ ಸುಣ್ಣ.
ಸಿಮೆಂಟಿಗಿಂತ ಮಣ್ಣಿನ ಗಿಲಾವು ತುಟ್ಟಿ ಎಂದರೆ
ಸಾಯವ್ವ ನಂಬಲಿಲ್ಲ.
ಇಂಡಿಯಲ್ಲಿ ಮಣ್ಣಿನ ಗ್ವಾಡಿ ಬಿದ್ದ ಮೇಲೆ
ಧಾಯರಿಯ ತಗಡಿನಡಿ ಇದ್ದಾಳೆ.

ಶನಿವಾರ ಕಾರಿಳಿದ ಪರಾಂಜಪೆ
ಹಸಿಗೋಡೆಯ ಮೇಲೆ ಅವಳ ಅಂಗೈ ಕಂಡರು.
ಹೀಗೇ ಇರಲಿ, ಬೆರಳು ಕಾಣಲಿ, ಎಂದರು.
ಕನ್ನಡಕ್ಕೆ ದಾಟಿಸಿದೆ ನಾನು.

"ಕೆಲಸ ಮುಗಿಸದ ಓಡಿಹ್ವಾದ್ಳು ಅಂತಾರ್ರಿ."
ನೀರು ಚಿಮುಕಿಸಿದಳು. ಒಂದೇ ಎಳೆತ,
ಐದೂ ಬೆರಳು ಮಾಯ.

ಸಂಜೆ ಪಗಾರದ ವಹಿ.
ಮುಕಾದಮ ಮಸಿಡಬ್ಬಿ ತೆರೆದ.
ಮೊಣಕೈಯಿಂದ ಅದನ್ನು ಸರಿಸಿ
ಮರಾಠಿ ಸಾಲಿನ ಕೊನೆಗೆ
ಸಾ ಬರೆದಳು, ಯ ಬರೆದಳು,
ವ್ವ ಅಕ್ಷರದ ಒತ್ತಿಗೆ ಜಾಗ ಸಾಲದೆ
ಕೆಳಗಿನ ಮನೆಗೆ ಇಳಿಸಿದಳು.