ಅಳತೆ

ಮೊದಲ ಸಲ ಅದು ಹತ್ತಿಕೊಂಡದ್ದು ಆನಗೋಡು ದಾಟಿದ ಮೇಲೆ.
ಹಳದಿ. ಹಂಡೆಯೊಂದನ್ನು ನಡುವೆ ಸೀಳಿ
ಒಳಗೊಂದು ಆಶ್ಚರ್ಯಸೂಚಕ ನಿಲ್ಲಿಸಿದಂತೆ.
ಅಯ್ಯೋ ಅಂತಲೋ ಅಬ್ಬಾ ಅಂತಲೋ
ಓದಿಕೊಳ್ಳುವವರಿಗೆ ಬಿಟ್ಟದ್ದು.

ಹಿಂದಿನ ಸೀಟು ಮಡಚಿ ತುರುಕಿದ್ದ ಏಳು ಚೀಲ ಮಂಡಕ್ಕಿ
ಬೆನ್ನ ಹಿಂದೆ ಸರಬರ ಅನ್ನುತ್ತಿತ್ತು.
ನಗು ಬಂತು.
ಗಾಡಿ ತುಂಬ ಗಾಳಿಯನ್ನೇ ಹೇರಿಕೊಂಡು ಮಾರಲು ಹೊರಟವಳಿಗೆ
ಗಾಳಿ ಸಾಲದು ಅನ್ನುತ್ತಿದೆ ಗಾಡಿ.

ಮನೆಗೆ ಬಂದು ತೋರಿಸಿದೆ.
ಕೊಟ್ರೇಶಿ ಟೈರಿಗೊಂದು ಒದೆ ಕೊಟ್ಟ, ಎಡಗಾಲಲ್ಲಿ,
ದನದ ಸಂತೆಯಲ್ಲಿ ಹಲ್ಲು ಎಣಿಸುವವನ ಗತ್ತು.
"ಕಲ್ಲಾಗೈತಿ. ದೀಪದ್ದೇ ತಲೆ ಕೆಟ್ಟೈತಿ."
ಕನ್ನಡಿಯ ಅಂಚಿಗೆ ನಾನು ಅಂಟಿಸಿಟ್ಟಿದ್ದ ಟಿಕಳಿ ಕಿತ್ತು
ದೀಪದ ಮೇಲೆ ಒತ್ತಿದ. ಮುಗಿಯಿತು ರಿಪೇರಿ.
ಮೆರೂನ್ ಬಣ್ಣದ್ದು. ಅಣ್ಣನ ಮಗಳ ಸೀಮಂತಕ್ಕೆ ತಂದ
ಪಟ್ಟಿಯಲ್ಲಿ ಉಳಿದಿದ್ದ ಕೊನೆಯದು.

ಐದು ತಿಂಗಳು ಹಾಗೇ ಓಡಿಸಿದೆ.
ಕತ್ತಲಾದರೆ ಟಿಕಳಿಯ ಸುತ್ತ ತೆಳ್ಳಗೆ
ಗ್ರಹಣದ ಸೂರ್ಯನ ಹಾಗೆ ಅಂಚು ಉರಿಯುತ್ತಿತ್ತು.
ಗಾಡಿ ಎಡಕ್ಕೆ ಎಳೆಯುತ್ತಿತ್ತು, ಚೂರೇ ಚೂರು.
ಬಲಕ್ಕೆ ಹಿಡಿದು ನೇರ ಹೋಗುವುದು
ಕೈಗೆ ರೂಢಿಯಾಯಿತು.
ಹಾಗೆ ರೂಢಿಯಾದದ್ದು ಇದೊಂದೇ ಏನಲ್ಲ.

ಒಂದು ಗುರುವಾರ ಪಿ.ಬಿ. ರಸ್ತೆಯ ಬಂಕಿನ ಮಗ್ಗುಲಿಗೆ
ಹಯಾತ್‌ಸಾಬರ ಅಂಗಡಿ ಮುಂದೆ ನಿಲ್ಲಿಸಿದೆ. ಯಾಕೋ.
ಕಂಪ್ರೆಸರ್ ಕೆಮ್ಮಿ ಕೆಮ್ಮಿ ಎದ್ದು ಕೂತಿತು.
ಮೂವತ್ತು. ಮೂವತ್ತೊಂದು. ಇಪ್ಪತ್ತೊಂಬತ್ತು.
ಮುಂದಿನ ಎಡದ್ದು, ಹದಿನೆಂಟು.
ಅವರು ಬೈಯಲಿಲ್ಲ. ತೋರುಬೆರಳಿಗೆ ಎಂಜಲು ಮುಟ್ಟಿಸಿ
ವಾಲ್ವಿನ ಬಾಯಿಗೆ ಸವರಿ, ಗುಳ್ಳೆ ಏಳುವುದನ್ನು ತೋರಿಸಿದರು:
"ಇಲ್ಲಿ ಉಸಿರಾಡ್ತೈತಿ ನೋಡ್ರಿ ಅಕ್ಕಾರೆ."
ಹೊಸ ಪಿನ್ನಿಗೆ ಇಪ್ಪತ್ತು ರೂಪಾಯಿ.

ಗಾಳಿ ತುಂಬಿತು. ಟಿಕಳಿ ಕಿತ್ತು ನೋಡಿದರೆ
ಕೆಳಗೆ ಅದೇ ಹಳದಿ ಅಯ್ಯೋ.
"ತುಂಬಿದ್ದು ಅದಕ್ಕೆ ಗೊತ್ತಿಲ್ಲಲ್ರಿ. ನೀವು ಹೇಳಬೇಕು."
ಸ್ಟೇರಿಂಗಿನ ಕೆಳಗೆ, ಬಲಮೊಣಕಾಲು ತಾಗುವ ಕಡೆ
ಉಗುರಿನಷ್ಟು ಗುಂಡಿ. ಮೊದಲಿನಿಂದಲೂ ಅಲ್ಲೇ ಇತ್ತಂತೆ.
"ಕೀ ತಿರುವ್ರಿ. ಎಂಜಿನ್ ಬ್ಯಾಡ. ಒತ್ತಿ ಹಿಡೀರಿ.
ದೀಪ ಮೂರು ಸಲ ಕಣ್ಣು ಹೊಡೆಯಾ ತನಕ ಬಿಡಬ್ಯಾಡ್ರಿ."
ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು:
"ಅದಕ್ಕೆ ಸರಿ ತಪ್ಪು ತಿಳಿಯಂಗಿಲ್ಲ.
ಯಾವ ಹೊತ್ತಿನಾಗ ಒತ್ತುತೀರೋ ಆ ಹೊತ್ತಿನ ಗಾಳಿನೇ
ಸರಿ ಅಂತ ಬರಕೊಳ್ತೈತಿ.
ಪಂಚರ್ ಇದ್ದಾಗ ಒತ್ತಿದ್ರ, ಪಂಚರೇ ಸರಿ."

ಒತ್ತಿ ಹಿಡಿದೆ.
ಭಟ್ಟಿಗೆ ಬಂದ ಮೊದಲ ಬೇಸಿಗೆ.
ಮರಳು ಕಾದ ಬಾಣಲೆ, ಅಕ್ಕಿ ಅರಳುವ ಚಟಪಟದ ನಡುವೆ
"ನಮ್ಮ ಹುಡುಗಿ ಮಾತು ಕಡಿಮೆ" ಅಂತ
ಅತ್ತೆ ಯಾರಿಗೋ ಮೆಚ್ಚಿ ಹೇಳಿದ್ದು.
ಆವತ್ತು ನನಗೆ ಜ್ವರ ಇತ್ತು, ಅಷ್ಟೇ.
ಇಪ್ಪತ್ತೆರಡು ವರ್ಷ
ಅದೇ ಅಳತೆ ನಡೆಯಿತು.

ಒಂದು. ಎರಡು.
ಮೂರನೆಯದು ಬರುತ್ತದೋ ಇಲ್ಲವೋ ಅನ್ನುವಷ್ಟು ತಡೆದು, ಮೂರು.
"ಈಗಲೇ ಆರಂಗಿಲ್ಲ. ಒಂದಿಷ್ಟು ದೂರ ಓಡಿಸ್ರಿ,
ಅದಕ್ಕೂ ನಂಬಿಕಿ ಬರಬೇಕಲ್ಲ."

ಬಾತಿ ಕಡೆ ತಿರುಗಿಸಿದೆ.
ಗಾಡಿ ಈಗ ನೇರ ಹೋಗುತ್ತಿತ್ತು; ಕೈಗೆ ಯಾರೂ ಹೇಳಿರಲಿಲ್ಲ,
ಹಳೇ ಚಾಳಿಯಲ್ಲಿ ಬಲಕ್ಕೆ ಎಳೆಯಿತು. ಪಕ್ಕದ ಜಲ್ಲಿ ಲಾರಿ
ಕಿವಿ ಹರಿಯುವ ಹಾಗೆ ಹಾರನ್ ಹೊಡೆದು
ನನ್ನ ತಾಯಿಯನ್ನು ನೆನೆಸಿಕೊಂಡು ಹೋಯಿತು.
ಕಿಟಕಿ ಇಳಿಸಿದೆ.
ಅವನ ತಾಯಿಯನ್ನು ಬಿಟ್ಟೆ, ಪಾಪ;
ಅವನನ್ನು ಮಾತ್ರ ಬಿಡಲಿಲ್ಲ.
ಮುಂದಿನ ಸಿಗ್ನಲ್‌ವರೆಗೆ, ಆಮೇಲೂ,
ಲಾರಿ ಕಾಣದಾದ ಮೇಲೂ,
ಲಾರಿಗೆ ಸಂಬಂಧವಿಲ್ಲದ್ದನ್ನೂ.

ದೀಪ ಯಾವಾಗ ಆರಿತೋ ನೋಡಲಿಲ್ಲ.

ಹರಿಹರದಲ್ಲಿ ಚೀಲ ಇಳಿಸಿಕೊಳ್ಳುತ್ತ ಹಾಲೇಶಪ್ಪ ಕೇಳಿದ:
"ಯಾಕ್ರಿ, ಗಂಟಲು ಬಿದ್ದೈತಿ?"
ಹೆಬ್ಬೆರಳಿಗೆ ಟಿಕಳಿ ಇನ್ನೂ ಅಂಟಿಕೊಂಡೇ ಇತ್ತು.
ಅವನ ತಕ್ಕಡಿಯ ಕಂಬಕ್ಕೆ ಒತ್ತಿ ಬಂದೆ.