ತೊಂಬತ್ತನೆಯ ದಿನದ ಕರೆ

ಸಂಡರ್‌ಲ್ಯಾಂಡಿನ ಆಸ್ಪತ್ರೆ, ಮೂರನೇ ಮಹಡಿ,
ಲಿನನ್ ಕೋಣೆಯ ಪಕ್ಕ ನನ್ನ ಮೇಜು.
ಒಂದು ಫೋನು, ಒಂದು ಹಾಳೆ,
ಸೊನ್ನೆಯಿಂದ ಆರರವರೆಗೆ ಅಂಕಿ.
ಸೊನ್ನೆ ಎಂದರೆ ಏನೂ ಆಗೇ ಇಲ್ಲ.
ಆರು ಎಂದರೆ
ಫೋನು ಬೇರೆಯವರು ಎತ್ತುತ್ತಾರೆ.

ಹಾಲಿಗಾದರೆ ಒಂದು ಚಮಚ ಹೆಪ್ಪು, ಇಡೀ ರಾತ್ರಿ ಬೇಕು.
ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಲು
ಶೂ ಹಾಕಿಕೊಳ್ಳುವಷ್ಟು ಹೊತ್ತು ಸಾಕು.
ಹಾಗೆ ಬಂದವರಲ್ಲಿ ಅರ್ಧ ಜನಕ್ಕೆ ಹೊಸ ಮದ್ದು,
ಇನ್ನರ್ಧಕ್ಕೆ ಹಳೆಯದು.
ಯಾರಿಗೆ ಯಾವುದು, ನನಗೆ ತಿಳಿಯಕೂಡದು.
ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದ್ದಾರೆ,
ತಿಂಗಳ ಸಂಬಳ ಕೊಟ್ಟು.

ಇನ್ನೂರ ಹದಿನೇಳು: ವಿಲ್ಫ್ ಹ್ಯಾಸ್ವೆಲ್, ಎಪ್ಪತ್ತೊಂದು,
ಹಡಗುಕಟ್ಟೆ ಮುಚ್ಚುವವರೆಗೂ ವೆಲ್ಡರ್.
ಎತ್ತಿದ್ದು ಹೆಂಗಸಿನ ದನಿ.
ನನ್ನ ಪೆನ್ಸಿಲ್ ತಾನಾಗಿ ಆರರ ಕಡೆ ಜಾರಿತು.
'ಇದ್ದಾನಮ್ಮಾ, ಇದ್ದಾನೆ, ಹಿತ್ತಲಲ್ಲಿದ್ದಾನೆ,' ಅಂದಳು ಡೋರೀನ್.

ಯಾವ ಔಷಧಿ ಕೊಟ್ಟರೆಂದು ದಯವಿಟ್ಟು ಹೇಳಬೇಡಿ.
'ಕೇಳೋಕೆ ಪುರುಸೊತ್ತೆಲ್ಲಿತ್ತು?
ಆಂಬುಲೆನ್ಸಿನ ತುಂಬ ನಾನು
ಅವನ ಒಂದು ಶೂ ಹಿಡಕೊಂಡು ಕೂತಿದ್ದೆ.'

ಒಬ್ಬರೇ ನಡೆಯುತ್ತಾರಾ?
ಕೋಲು ಹಿಡಿದು, ಗೋಡೆಯನ್ನು ಬೈದು.
ಗುಂಡಿ ಹಾಕಿಕೊಳ್ಳುತ್ತಾರಾ?
ಕೆಳಗಿನ ಮೂರು ಅವನು, ಮೇಲಿನೆರಡು ನಾನು.
ದುಡ್ಡಿನ ಲೆಕ್ಕ?
ಅದು ಮೊದಲೂ ನನ್ನದೇ.
ಮಾತು?

ಫೋನಿನೊಳಗೆ ಕೆಟಲ್ ಕುದಿದು ನಿಂತಿತು.

'ಒಂದೇ ಪದ ಉಳಿದಿದೆ. ಮಂಗಳವಾರ.
ಹಸಿವಾದರೂ ಮಂಗಳವಾರ, ಚಳಿಯಾದರೂ ಮಂಗಳವಾರ,
ನಮ್ಮ ಟೀಮ್ ಸೋತರೆ ಅದೇ ಬೈಗುಳ.
ಬಿದ್ದದ್ದು ನೋಡಿದರೆ ಗುರುವಾರ.'

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು
ಅನ್ನುತ್ತಿದ್ದಳು ಗೌರಿಬಿದನೂರಿನ ನಮ್ಮ ಸೋದರತ್ತೆ.
ಆಡದೆಯೂ ಹೋಗುತ್ತದೆ, ಅತ್ತೆ.
ನಾಲಿಗೆ ಅಲ್ಲೇ ಇರುತ್ತದೆ, ಬಾಗಿಲು ತೆರೆದೇ ಇರುತ್ತದೆ,
ಒಳಗೆ ಯಾರೋ ಸಾಮಾನೆಲ್ಲ ಸಾಗಿಸಿರುತ್ತಾರೆ.

'ತಾಳು, ಅವನ ಹತ್ತಿರವೇ ಹಿಡಿಯುತ್ತೇನೆ.'
ಚಪ್ಪಲಿ ಸದ್ದು, ಅಗುಳಿ, ಕಡಲ ಗಾಳಿ.
ಡಬ್ಬಿಯಲ್ಲಿ ಜೋಳ ಅಲ್ಲಾಡಿತು.
ಪಂದ್ಯದ ಪಾರಿವಾಳ ಇಪ್ಪತ್ತಾರು,
ಫ್ರಾನ್ಸಿನಲ್ಲಿ ಬಿಟ್ಟರೂ ನೀರು ದಾಟಿ
ಇದೇ ಹಲಗೆಗೆ ಬಂದಿಳಿಯುವ ಜಾತಿ.

ಆಮೇಲೆ ಕೇಳಿತು ಆ ದನಿ.
ಮಂಗಳವಾರ, ಎಳೆದು.
ಮಂಗಳವಾರ, ತುಂಡು ಮಾಡಿ.
ಮಂಗಳವಾ... ಕೊನೆಯಕ್ಷರ ಗಂಟಲಲ್ಲೇ ಇಟ್ಟುಕೊಂಡು,
ಕೊಡುವ ಮುಂಚೆ ಕಾಳು ಮುಚ್ಚಿಟ್ಟ ಮುಷ್ಟಿಯ ಹಾಗೆ.
ಪ್ರತಿ ಸಲವೂ ರೆಕ್ಕೆ ಬಡಿತ, ಒಂದೇ ಒಂದು ಜೊತೆ,
ಇಳಿದು ಸುಮ್ಮನಾಗುತ್ತಿತ್ತು.

'ಕೇಳಿತಾ?' ಅಂದಳು. 'ಒಂದೊಂದಕ್ಕೂ ಬೇರೆ ಮಂಗಳವಾರ.
ನನಗೂ ಒಂದಿದೆ.'
ಅದು ಹೇಗಿದೆ ಎಂದು ನಾನು ಕೇಳಲಿಲ್ಲ.
ಹಾಳೆಯಲ್ಲಿ ಆ ಪ್ರಶ್ನೆ ಇಲ್ಲ.

ಮೂರು ಎಂದು ಬರೆದೆ.
ಮಧ್ಯಮ ಅಶಕ್ತತೆ, ಆದರೆ ನೆರವಿಲ್ಲದೆ ನಡೆಯಬಲ್ಲರು.
ಹೊಸ ಮದ್ದಿನಿಂದ ಮೂರಾಯಿತೋ,
ಹಳೆಯದರಲ್ಲೇ ಆಗುತ್ತಿತ್ತೋ,
ಐದಾಗಬೇಕಾದದ್ದು ಸ್ವಲ್ಪದರಲ್ಲಿ ತಪ್ಪಿತೋ
ಒಬ್ಬ ವಿಲ್ಫ್‌ನಿಂದ ತಿಳಿಯುವುದಿಲ್ಲ.
ಸಾವಿರದ ಇನ್ನೂರು ಮನೆಗಳ ಫೋನು ಬಾರಿಸಬೇಕು,
ಆಮೇಲೊಂದು ದಿನ, ಯಾವುದೋ ಊರಿನ ಸಭೆಯಲ್ಲಿ,
ಬಣ್ಣದ ಪಟ್ಟಿಯೊಂದು ಕೂದಲೆಳೆಯಷ್ಟು ಸರಿದರೆ
ನಾಳೆ ಬೀಳುವವನೊಬ್ಬನಿಗೆ
ಎರಡು ಪದ ಉಳಿದೀತು.
ಅದು ಸಣ್ಣ ಮಾತಲ್ಲ.

ತಣ್ಣಗಾದ ಚಹಾ ಕುಡಿದೆ.
ಕಿಟಕಿಯಾಚೆ ವೇರ್ ನದಿ, ಕೆಲಸವಿಲ್ಲದ ಕ್ರೇನು.
ಇನ್ನೂರ ಹದಿನೆಂಟು.
ಎಂಟನೇ ರಿಂಗಿಗೆ ಯಾರೋ ಎತ್ತಿದರು, ಚಿಕ್ಕ ಹುಡುಗನ ದನಿ.
ಪೆನ್ಸಿಲನ್ನು ಕೆಳಗಿಟ್ಟು
ಮೊದಲು ನಮಸ್ಕಾರ ಹೇಳಿದೆ.