ಬಿಲ್ ನಂಬರ್ ೨೧೭

ಮನೆಯೇ ಬಂದು ನಿಂತಿತು ದುರ್ಗದ ಬೈಪಾಸಿನ ನನ್ನ ಶೆಡ್ಡಿನ ಮುಂದೆ.
ಕಿಟಕಿಗೆ ಪರದೆ, ಒಳಗಿನಿಂದ ಒಗ್ಗರಣೆಯ ವಾಸನೆ,
ಹಿಂದಿನ ಏಣಿಗೆ ಒಣಹಾಕಿದ ಒಂದು ಟವಲು.
ಇಳಿದವರು ತಳೇಕರ್ ಮೇಡಂ, ಕಾರವಾರದವರು,
ಬಂದರಿನ ಕಚೇರಿಯಲ್ಲಿ ಮೂವತ್ತು ವರ್ಷ
ಬೇರೆಯವರ ಹಡಗುಗಳ ಲೆಕ್ಕ ಬರೆದವರು.

"ಕ್ರೂಸ್ ಕಂಟ್ರೋಲು ನಿಲ್ಲುವುದಿಲ್ಲ" ಎಂದರು.
"ಎಂಬತ್ತಕ್ಕೆ ಕಟ್ಟಿದರೆ ಅರ್ಧ ಗಂಟೆ ನೆಟ್ಟಗಿರುತ್ತದೆ,
ಆಮೇಲೆ ಹೇಳದೆ ಕೇಳದೆ ಕೈಬಿಡುತ್ತದೆ."
ಬಲಗಾಲಿನಲ್ಲಿ ರಾಡು ಇದೆಯಂತೆ, ಅದಕ್ಕೇ ಅದು ಬೇಕಂತೆ.
ಅಷ್ಟು ಹೇಳಿ, ಇಲ್ಲಿ ನೀರು ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ಸುಟ್ಟ ವೈರು ವಾಸನೆ ಕೊಡುತ್ತದೆ.
ಹೋದ ಫ್ಯೂಸು, ಹೋಗಿದ್ದೇನೆ ಎಂದು ಒಪ್ಪಿಕೊಳ್ಳುತ್ತದೆ.
ಬಂದು ಹೋಗುವ ತೊಂದರೆ ಮಾತ್ರ
ಸಾಲ ಕೊಟ್ಟವನನ್ನು ದೂರದಿಂದ ಕಂಡವನ ಹಾಗೆ,
ಮೀಟರಿನ ಕಡ್ಡಿ ತಾಗಿಸುವ ಮೊದಲೇ ಗಲ್ಲಿ ಬದಲಿಸುತ್ತದೆ.

ಅರ್ತಿಂಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದೆ.
ಸ್ಟಿಯರಿಂಗ್ ಕೆಳಗಿನ ಸುರುಳಿ, ಕ್ಲಚ್ಚಿನ ಸ್ವಿಚ್ಚು,
ಗೇರ್‌ಬಾಕ್ಸಿನ ಬೆನ್ನಿಗಂಟಿದ ಸೆನ್ಸರು,
ಎಲ್ಲದರ ನಾಡಿ ಹಿಡಿದೆ.
ನಮ್ಮ ಗಾದ್ರಿ ರಬ್ಬರ್ ಸುತ್ತಿಗೆಯಿಂದ ಡ್ಯಾಶ್‌ಬೋರ್ಡಿಗೆ ತಟ್ಟಿ ತಟ್ಟಿ
ಕೊನೆಗೆ ತಮಟೆಯ ಗತ್ತಿಗೇ ಬಿದ್ದ.
ಇನ್ಸ್‌ಪೆಕ್ಟರು ಬಂದ ದಿನದ ಶಾಲೆಯ ಹುಡುಗನಂತೆ
ಹಸಿರು ದೀಪ ಅಲ್ಲಾಡದೆ ಕೂತಿತ್ತು.
ಎಲ್ಲಾ ಸರಿ ಇದೆ. ನನ್ನ ಕಸುಬಿನಲ್ಲಿ
ಇದಕ್ಕಿಂತ ಕೆಟ್ಟ ಮಾತಿಲ್ಲ.

ಮರುದಿನ ಐಮಂಗಲದ ಕಡೆಗೆ ಹೊರಟೆವು,
ನಾನು ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಮೀಟರು,
ಹಿಂದೆ ಬೈಕಿನಲ್ಲಿ ಗಾದ್ರಿ.
ಗುಡ್ಡದ ಮೇಲೆ ಗಾಳಿಯಂತ್ರಗಳು.
ಒಂದೇ ಗಾಳಿಗೆ ಒಂದು ತಿರುಗುತ್ತಿತ್ತು, ಪಕ್ಕದ್ದು ಸುಮ್ಮನಿತ್ತು.
ಮೇಡಂ ಯಾವುದೋ ಹಡಗಿನ ಕತೆ ಹೇಳುತ್ತಿದ್ದರು,
ಮೂರು ತಿಂಗಳು ಹೊರಗೇ ಲಂಗರು ಹಾಕಿ ನಿಂತದ್ದು,
ಯಾಕೆಂದು ಯಾರಿಗೂ ತಿಳಿಯದೇ ಹೋದದ್ದು.
ಆಗಲೇ ಎಂಜಿನ್ನಿನ ಉಸಿರು ಸಡಿಲಾಯಿತು.

ಗಾದ್ರಿ ಪಕ್ಕಕ್ಕೆ ಬಂದು ಕೂಗಿದ:
"ಅಣ್ಣಾ, ಬ್ರೇಕ್ ಲೈಟು ಮಿಣಕ್ ಅಂತು!"
"ನಾನು ಒತ್ತಲೇ ಇಲ್ಲ" ಎಂದರು ಮೇಡಂ.

ಸ್ಕ್ರೂಡ್ರೈವರ್ ಬೀಳಿಸಿಕೊಂಡವನಂತೆ ಬಗ್ಗಿದೆ.
ಟಾರ್ಚಿನ ಬೆಳಕಿನಲ್ಲಿ ಅವರ ಬಲಪಾದ
ಬ್ರೇಕ್ ಪೆಡಲಿನ ಅಂಚಿನ ಮೇಲೆ, ಒಂದು ಬೇವಿನೆಲೆಯ ಭಾರದಷ್ಟು,
ತೂಕಡಿಸುತ್ತಾ ಕೂತಿತ್ತು.
ಕಾಲಿಗೆ ಗೊತ್ತಿರಲಿಲ್ಲ. ಕಾಲಿನವರಿಗೂ.

ಇಪ್ಪತ್ತೆರಡು ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ,
ಇಲಿ ಕಡಿದಿದೆ, ಶೋರೂಮಿನವನು ಮೋಸ ಮಾಡಿದ್ದಾನೆ,
ನಿಮ್ಮ ಅಳಿಯನಿಗೆ ಬಲ್ಬು ಹಾಕಲೂ ಬರುವುದಿಲ್ಲ.
ಇದೊಂದು ಮಾತಿಗೆ
ನಾಲಿಗೆಯಲ್ಲೇ ಲೂಸ್ ಕನೆಕ್ಷನ್ನು.

ಲಾರಿ ಬಾಡಿಯ ಹಳೇ ಹೊನ್ನೆ ಹಲಗೆಯಿತ್ತು ಶೆಡ್ಡಿನಲ್ಲಿ.
ಕೊಯ್ದೆ, ಉಜ್ಜಿದೆ, ಮೇಲೆ ಟ್ಯೂಬಿನ ರಬ್ಬರು ಅಂಟಿಸಿದೆ.
ಎಕ್ಸಲೇಟರಿನ ಬಲಕ್ಕೆ, ಗೋಡೆಗೆ ಒತ್ತಿ, ಎರಡು ಬೋಲ್ಟು.
ಬಿಲ್ಲು ಬರೆದು ಕೊಟ್ಟೆ:

ಚೆಕಿಂಗ್, ಎರಡು ದಿನ: ೬೦೦
ಕಾಲ್ಮಣೆ, ಒಂದು: ೧೫೦
ವೈರಿನ ಕೆಲಸ: ಇಲ್ಲ

ಕನ್ನಡಕ ಮೂಗಿಗಿಳಿಸಿ ಓದಿದರು.
ಮೂರನೇ ಸಾಲು ಓದಿ ಎರಡನೆಯದಕ್ಕೆ ಹಿಂದಿರುಗಿದರು.
ಬಗ್ಗಿ, ಬಲ ಮೀನಖಂಡವನ್ನು ಬೆರಳಲ್ಲಿ ಚಿವುಟಿ
ಸ್ವಲ್ಪ ಹೊತ್ತು ಕಾದರು,
ಮುಳ್ಳು ಏಳುತ್ತದೋ ಎಂದು ನಾನು ಕಾಯುವ ಹಾಗೆಯೇ.

"ಈ ತುದಿಗೆ ಸಪ್ಲೈ ಕಡಿಮೆ" ಎಂದರು.
ಚಿಲ್ಲರೆ ಐವತ್ತು ವಾಪಸ್ ತಗೊಳ್ಳಲಿಲ್ಲ.

ಭರಮಸಾಗರದ ಕಡೆಗೆ ಮನೆ ಹೊರಟಿತು, ಟವಲು ಹಾರಾಡುತ್ತಾ.
ನಾನೂ ಗಾದ್ರಿಯೂ ರಸ್ತೆಯಲ್ಲೇ ನಿಂತು ನೋಡಿದೆವು.
ತಿರುವಿನವರೆಗೂ ಕೆಂಪು ದೀಪ ಹೊತ್ತಲಿಲ್ಲ.
ತಿರುವಿನಲ್ಲಿ ಹೊತ್ತಿತು,
ಒತ್ತಿದ್ದಕ್ಕೆ.